ಬ್ಯಾಟರಿ ಖಾಲಿ

ಅಪ್ಪ ಬಿಟ್ಟುಹೋದ ಕಾರು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಹೆಚ್ಚು. ವರ್ಷದ ಹನ್ನೊಂದು ತಿಂಗಳು ಅದು ತಾಡಪತ್ರಿ ಹೊದ್ದು ಮಲಗುತ್ತದೆ; ಉಳಿದ ಒಂದು ತಿಂಗಳು ನಾನು ಅದರ ಕೆಳಗೆ ಮಲಗುತ್ತೇನೆ.

ಪಂಚಮಿ ಹಬ್ಬಕ್ಕೆ ಅಕ್ಕನನ್ನು ಅಥಣಿಯಿಂದ ಚಿಕ್ಕೋಡಿಗೆ, ಅಂದರೆ ತವರಿಗೆ, ಕರೆತರುವುದು ತಮ್ಮನಾದ ನನ್ನ ಕೆಲಸ. ಹಿಂದಿನ ಎರಡು ವರ್ಷ ಹೋಗಿರಲಿಲ್ಲ. ಒಮ್ಮೆ ಜ್ವರ, ಇನ್ನೊಮ್ಮೆ ಬರೀ ಸೋಮಾರಿತನ. ಎರಡಕ್ಕೂ ‘ಕೆಲಸ’ ಎಂದು ಹೆಸರಿಟ್ಟಿದ್ದೆ. ಈ ಸಲ ಅಕ್ಕನೇ ಫೋನು ಮಾಡಿದಳು.

“ಓಣ್ಯಾಗಿನ ಸೊಸೆಂದಿರೆಲ್ಲಾ ತವರಿಗೆ ಹೋಗ್ತಾರ. ಎರಡ ವರ್ಷಾತು, ನಾ ಒಬ್ಬಾಕಿನ ಉಳೀತೀನಿ. ಈ ಸಲನಾರ ಬರ್ತೀಯೋ ಇಲ್ಲೋ?”

“ಅಪ್ಪನ ಕಾರ್ ತಗೊಂಡ ಬರ್ತೀನಿ ತಡಿ,” ಅಂದೆ. ಕಾರು ತಾ ಎಂದು ಅವಳು ಕೇಳಿರಲಿಲ್ಲ.

ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಕೀ ತಿರುಗಿಸಿದರೆ ‘ಟಕ್’ ಎಂದಿತು, ಅಷ್ಟೆ. ಸ್ಟಾರ್ಟರಿನ ಪುಟ್ಟ ಹಲ್ಲುಚಕ್ರ ಮುಂದೆ ಜಿಗಿದು ಎಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸಬೇಕು. ನಮ್ಮದು ಕಚ್ಚುವ ಗೋಜಿಗೇ ಹೋಗಲಿಲ್ಲ.

ಪಕ್ಕದ ಮನೆಯ ನಿವೃತ್ತ ಮಾಸ್ತರರು ಕರೆಯದೆ ಬಂದರು. ಹತ್ತು ನಿಮಿಷ ಬಗ್ಗಿ ನೋಡಿ, “ಸ್ಟಾರ್ಟರ್ ಅಲ್ಲೋ, ಸೆಲ್ಫ್ ಹೋಗೈತಿ,” ಎಂದು ತೀರ್ಪು ಕೊಟ್ಟರು. ಎರಡೂ ಒಂದೇ; ಅಳಿಯ ಅಲ್ಲ, ಮಗಳ ಗಂಡ ಅಂದಂತೆ. ಆಮೇಲೆ ನಾಲ್ಕು ಮಂದಿ ಸೇರಿ ದಬ್ಬಿದರು. ಕಾರು ತಕ್ಷಣ ಶುರುವಾಯಿತು.

“ಹಿಂಗ ಹೋಗಿ ಬರ್ರಿ,” ಎಂದಳು ಹೆಂಡತಿ.

ಹೋಗುವುದೇನೋ ಸರಿ. ಅಥಣಿಯಿಂದ ಹೊರಡುವಾಗ ಅಕ್ಕನ ಗಂಡನ ಮನೆಯವರಿಂದ ದಬ್ಬಿಸಿಕೊಳ್ಳಬೇಕೇ? ನಮ್ಮ ಮನೆತನದ ಮಾನ ಹಿಂಬದಿಯ ಬಂಪರಿನಲ್ಲಿತ್ತು. ಒಲ್ಲೆ ಎಂದೆ.

ನಿಪ್ಪಾಣಿಯ ಮೇಸ್ತ್ರಿಗೆ ಫೋನು ಹಚ್ಚಿದೆ. ಅಪ್ಪನ ಕಾಲದಿಂದ ಈ ಕಾರಿನ ನಾಡಿ ಬಲ್ಲವರು. ಮಾತನ್ನು ಮರಾಠಿಯಲ್ಲಿ ಎತ್ತಿ ಕನ್ನಡದಲ್ಲಿ ಇಳಿಸುವುದು ಅವರ ರೂಢಿ. ಗಡಿಯವರಾದ ನಮಗೆ ಎರಡೂ ಬರುತ್ತವೆ ಎಂಬ ಜಂಬ ಬೇರೆ ಇತ್ತಲ್ಲ, ಮರುಪ್ರಶ್ನೆ ಕೇಳಲಿಲ್ಲ.

“ಬ್ಯಾಟರಿ ಖಾಲಿ ನೋಡ್ರಿ ಮೊದಲ,” ಅಂದರು.

ಖಾಲಿಯಾದರೆ ಇನ್ನೇನು? ಹೊಸ ಬ್ಯಾಟರಿ ತಂದೆ. ಕೀ ತಿರುಗಿಸಿದೆ. ‘ಟಕ್’, ಹೊಸ ಹುರುಪಿನಲ್ಲಿ. ಮರುದಿನವೆಲ್ಲ ಸ್ಟಾರ್ಟರನ್ನೇ ಕೆಳಗಿಳಿಸಿ, ಪೆಟ್ರೋಲಿನಲ್ಲಿ ತೊಳೆದು, ಹಲ್ಲು ಎಣಿಸಿ, ಮತ್ತೆ ಏರಿಸಿದೆ. ಅದರ ಹಲ್ಲು ನನ್ನವಕ್ಕಿಂತ ಗಟ್ಟಿಯಿದ್ದವು. ಸಂಜೆ ಅಕ್ಕನ ಫೋನು ಬಂತು: “ಚೀಲ ಕಟ್ಟೀನಿ. ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬೀನಿ.”

“ನಾಳೆ ಮುಂಜಾನೆ ಬಂದ ಅಂತ ತಿಳಿ,” ಅಂದೆ, ಗ್ರೀಸು ಮೆತ್ತಿದ ಫೋನಿನಲ್ಲಿ.

ಆ ನಾಳೆಯೂ ಕಳೆಯಿತು. ಹಬ್ಬದ ದಿನ ಬೆಳಿಗ್ಗೆ ಮಾನ ಬಿಟ್ಟು ಮತ್ತೆ ಮೇಸ್ತ್ರಿಗೆ ಫೋನು ಮಾಡಿದೆ. “ಹೊಸಾ ಬ್ಯಾಟರಿ ಹಾಕಿದ್ರೂ ಹತ್ತವಲ್ದರಿ.”

“ಬ್ಯಾಟರಿ ಹಾಕಂತ ಯಾರ ಹೇಳಿದ್ರು?”

“ನೀವ ಖಾಲಿ ಅಂದ್ರೆಲ್ರಿ!”

“ಅರೇ ಮಾಲಕ, ಖಾಲೀ ಅಂದ್ರ ಕೆಳಗ! ಬ್ಯಾಟರಿ ಕೆಳಗ ಅರ್ಥಿಂಗ್ ವಾಯರ್ ಐತಿ, ಅದನ್ನ ನೋಡ್ರಿ ಅಂದಿದ್ದೆ.”

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಕನ್ನಡದಲ್ಲಿ ಬರಿದು. ಎರಡೂ ಬಲ್ಲ ನನ್ನ ತಲೆಯಲ್ಲಿ ಇದ್ದದ್ದು ಕನ್ನಡದ ಖಾಲಿ. ಬ್ಯಾಟರಿ ಎತ್ತಿ ನೋಡಿದರೆ, ಆ ವೈರು ಕಾರಿನ ಮೈಗೆ ಸೇರುವ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಹತ್ತು ನಿಮಿಷ ಪಾಲಿಶ್ ಪೇಪರಿನಿಂದ ತಿಕ್ಕಿ ಬಿಗಿದೆ. ಕೀ ತಿರುಗಿಸಿದ ಕೂಡಲೇ ಹಲ್ಲು ಕಚ್ಚಿತು, ಎಂಜಿನ್ನು ಎದ್ದಿತು. ನಾನು ಹಾರ್ನ್ ಬಾರಿಸಿಕೊಂಡು ಕಿರುಚಿದೆ. ನಾಚಿಕೆಯ ಸಂಗತಿ, ಆದರೂ ಬರೆಯುತ್ತಿದ್ದೇನೆ.

ರಾಯಬಾಗದ ದಾರಿಯುದ್ದಕ್ಕೂ ಬೇವಿನ ಮರಗಳಲ್ಲಿ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು, ಹುತ್ತಕ್ಕೆ ಹಾಲೆರೆದು ಬಂದ ಖುಷಿಯಲ್ಲಿ. ಎಕ್ಸಿಲರೇಟರ್ ಇನ್ನಷ್ಟು ಒತ್ತಿದೆ.

ಅಥಣಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮನೆಯೆದುರು ಕಾರು ಬಂದ್ ಮಾಡಿ, ಶುರು ಮಾಡಿ, ಮತ್ತೆ ಬಂದ್ ಮಾಡಿದೆ. ಬೀಗರಿಗೆ ಕೇಳಿಸಲಿ ಎಂದು. ಅಕ್ಕ ಹೊರಗೆ ಬಂದಳು, ದಿನದ ಸೀರೆಯಲ್ಲೇ ಇದ್ದಳು. ಹಿಂದೆ ಪಡಸಾಲೆಯಲ್ಲಿ ಚೀಲ ಬಿಚ್ಚಿ ಬಿದ್ದಿತ್ತು. ಉಂಡಿಯ ಡಬ್ಬಿ ತೊಳೆದು ಬೋರಲು ಹಾಕಿದ್ದಳು.

“ಅರ್ಥಿಂಗ್ ಪ್ರಾಬ್ಲೆಮ್ ಆಗಿತ್ತಕ್ಕಾ,” ಎಂದು ಶುರು ಮಾಡಿ ಇಡೀ ಕಥೆ ಹೇಳಿದೆ. ಅವಳು ಕಾರಿಗೆ ಒಂದು ಸುತ್ತು ಹಾಕಿ, ಪೂರ್ತಿ ಕೇಳಿದಳು.

“ಛಲೋ ಮಾಡೀದಿ,” ಅಂದಳು. “ಮೂರ ದಿನ ಚಿಕ್ಕೋಡಿಯಿಂದ ಬಸ್ಸ ಇರಲಿಲ್ಲೇನೋ, ತಮ್ಮಾ?”