ಎಂಟರಿಂದ ಎರಡು ಸಲ ಭಾಗಿಸಿದ ಬ್ರಾಡ್‌ಬ್ಯಾಂಡ್

೨೦೦೭ರಲ್ಲಿ ನಾನು ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರ್ ಆಗಿದ್ದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಾಮರಾಜನಗರದ ಮೇಲಿನ ಕಚೇರಿಯಿಂದ ಪ್ರತಿ ಸೋಮವಾರ ಫೋನಿನಲ್ಲಿ ಎರಡೇ ಪ್ರಶ್ನೆ: ಹೊಸ ಸಂಪರ್ಕ ಎಷ್ಟು ಕೊಟ್ಟಿರಿ, ಬಾಕಿ ದೂರು ಎಷ್ಟಿವೆ? ಎರಡನೆಯದಕ್ಕೆ ನಾನು ಸದಾ ‘ಸೊನ್ನೆ’ ಎನ್ನುತ್ತಿದ್ದೆ. ಆ ಸೊನ್ನೆ ಹೇಗೆ ಬರುತ್ತಿತ್ತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ವೇಗ ಸಾಲದು ಎಂದು ಯಾರಾದರೂ ಬಂದರೆ ನಮ್ಮ ಬಳಿ ಸಿದ್ಧ ಉತ್ತರವಿತ್ತು. ನೀವು ಪಡೆದಿರುವುದು ಸೆಕೆಂಡಿಗೆ 256 ಕಿಲೋಬಿಟ್. ಡೌನ್‌ಲೋಡ್ ಮಾಡುವಾಗ ಪರದೆಯ ಮೇಲೆ ಕಾಣುವುದು ಕಿಲೋಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 256ನ್ನು ಎಂಟರಿಂದ ಭಾಗಿಸಿ. 32ರ ಆಸುಪಾಸು ಬಂದರೆ ಅದೇ ಪೂರ್ತಿ ವೇಗ. ಲೆಕ್ಕವೇನೋ ಸರಿಯಾದದ್ದೇ. ಆದರೆ ನಾವು ಅದನ್ನು ಹೇಳುತ್ತಿದ್ದದ್ದು ಬಂದವರ ಬಾಯಿ ಮುಚ್ಚಿಸಲು. ಅವರು ಹೋದ ಮೇಲೆ ಎಕ್ಸ್‌ಚೇಂಜಿನಲ್ಲೇ ಕೂತು, ನಮ್ಮ ಕಂಪ್ಯೂಟರಿನಲ್ಲೇ ವೇಗ ನೋಡಿ, ದೂರಿನ ಚೀಟಿಯ ಮೇಲೆ ‘ಸರಿ ಇದೆ’ ಎಂದು ಬರೆದು ನಾನು ಸಹಿ ಹಾಕುತ್ತಿದ್ದೆ.

ಒಂದು ಮಂಗಳವಾರ ತಬಸ್ಸುಮ್ ಎಂಬ ಹುಡುಗಿ ಐದನೆಯ ಸಲ ದೂರು ಹೇಳಲು ಬಂದಳು. ಊಟಿ ರಸ್ತೆಯಲ್ಲಿ ತಗಡಿನ ಟ್ರಂಕು ಮಾಡುವವರ ಮಗಳು; ಬಿ.ಎಸ್ಸಿ. ಓದಿದವಳು. ಹೊರದೇಶದ ವೈದ್ಯರು ಮಾತಾಡಿ ಕಳಿಸಿದ ಆಡಿಯೊ ಫೈಲುಗಳನ್ನು ಮನೆಯಲ್ಲೇ ಇಳಿಸಿಕೊಂಡು, ಕೇಳಿ, ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಹೊತ್ತಿಗೆ ಸರಿಯಾಗಿ ಕಳಿಸಲಾಗುತ್ತಿರಲಿಲ್ಲ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಮೈಸೂರಿನ ಕಂಪನಿಯವರು ಹೇಳಿಬಿಟ್ಟಿದ್ದರು.

ನಾನು ಎಂದಿನಂತೆ ಎಂಟರ ಲೆಕ್ಕ ಶುರುಮಾಡಿದೆ. ಅವಳು ಒಂದು ನೋಟ್‌ಬುಕ್ ಬಿಚ್ಚಿ ಮುಂದಿಟ್ಟಳು. ಪ್ರತಿ ಫೈಲಿನ ಗಾತ್ರ, ಇಳಿಯಲು ಹಿಡಿದ ನಿಮಿಷ, ಎಲ್ಲವೂ ಅದರಲ್ಲಿತ್ತು.

“ಎಂಟರಿಂದ ಭಾಗ್ಸಿ ಆಯ್ತು ಸರ್. ಬಂದಿದ್ದನ್ನ ಇನ್ನೊಂದ್ಸಲ ಎಂಟರಿಂದ ಭಾಗ್ಸಿ. ನಮ್ಮನೇಲಿ ಸಿಗೋದು ಅಷ್ಟೇ.”

ನಾಲ್ಕು. ಮೂರು ನಿಮಿಷದೊಳಗೆ ಇಳಿಯಬೇಕಾದ ಐದು ಎಂಬಿ ಫೈಲಿಗೆ ಇಪ್ಪತ್ತೊಂದು ನಿಮಿಷ. ನಡುವೆ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ.

ಲೈನ್‌ಮನ್ ಸಿದ್ದಶೆಟ್ಟಿಯನ್ನು ಕರೆದು ಕೇಳಿದೆ. “ನಾನೇ ಓಗಿ ನೋಡ್ಬುಟ್ಟು ಬಂದಿವ್ನಿ ಸಾ. ಅಲೋ ಅಂದ್ರೆ ಆ ಕಡೀಕೆ ಚೆನ್ನಾಗೇ ಕೇಳ್ತದೆ” ಎಂದ. ನಮ್ಮ ಇಲಾಖೆ ತಲೆಮಾರುಗಳಿಂದ ತಂತಿಯನ್ನು ಪರೀಕ್ಷಿಸಿದ್ದೇ ಹೀಗೆ. ಮಾತು ಕೇಳಿಸಿತೇ, ಲೈನು ಚೆನ್ನಾಗಿದೆ.

ಅಂದೇ ಮೋಡೆಮ್, ಲ್ಯಾಪ್‌ಟಾಪ್ ಹಿಡಿದು ಅವಳ ಬೀದಿಗೆ ಹೋದೆವು. ಕಂಬದ ಪೆಟ್ಟಿಗೆಯಲ್ಲಿ ಜೋಡಿಸಿ ನೋಡಿದರೆ 31. ಮನೆಯೊಳಗೆ 4. ನಡುವೆ ಇದ್ದದ್ದು ಬೇವಿನ ಮರದ ಮೇಲೆ ಹಾದುಹೋದ ಅರವತ್ತು ಮೀಟರ್ ತಂತಿ. ಅದರಲ್ಲಿ ಒಂಬತ್ತು ಗಂಟು. ಕಡಿದಾಗಲೆಲ್ಲ ಚೂರುಪಾರು ತಂತಿ ಹೊಸೆದು ಪ್ಲಾಸ್ಟಿಕ್ ಸುತ್ತಿದ್ದರು. ಒಳಗೆಲ್ಲ ಕಿಲುಬು. ಇಂಥ ಗಂಟುಗಳಲ್ಲಿ ಮಾತು ಹೇಗೋ ದಾಟುತ್ತದೆ, ಬ್ರಾಡ್‌ಬ್ಯಾಂಡ್ ದಾಟುವುದಿಲ್ಲ.

ಸಿದ್ದಶೆಟ್ಟಿಯ ಮೇಲೆ ರೇಗಿದೆ. ಅವನು ಏಣಿಯ ಮೇಲಿಂದಲೇ ಉತ್ತರ ಕೊಟ್ಟ: “ಒಸಾ ವೈರ್ ಕೊಟ್ಟಿದ್ರೆ ನಾನ್ಯಾಕ್ ಸಾ ಗಂಟಾಕ್ತಿದ್ದೆ? ಇದ್ದುದ್ರಲ್ಲೇ ಮಾಡ್ಬುಡು ಅಂದೋರು ನೀವೇಯಾ.”

ಹೌದು, ನಾನೇ ಹೇಳಿದ್ದೆ. ಸ್ಟೋರಿನಲ್ಲಿ ತಂತಿಯ ಸುರುಳಿಗಳಿದ್ದವು. ಆದರೆ ಅವು ಹೊಸ ಸಂಪರ್ಕಕ್ಕೆ ಮಾತ್ರ ಎಂದು ಕಟ್ಟಪ್ಪಣೆಯಿತ್ತು. ಚಾಮರಾಜನಗರಕ್ಕೆ ಫೋನ್ ಮಾಡಿ ಒಂದು ಸುರುಳಿಗೆ ಅನುಮತಿ ಕೇಳಿದೆ. ಮೇಲಧಿಕಾರಿ ಕಾಗದ ತಿರುವಿ ನೋಡಿ ಹೇಳಿದರು: “ಹಿಂದಿನ ನಾಲ್ಕು ದೂರೂ ಅದೇ ದಿನ ಮುಗಿದಿವೆಯಲ್ರೀ. ನಿಮ್ಮದೇ ಸಹಿ ಇದೆ. ದಾಖಲೆ ಪ್ರಕಾರ ಆ ಲೈನಿಗೆ ಏನೂ ಆಗೇ ಇಲ್ಲ.” ಒಬ್ಬ ಹುಡುಗಿಯ ಅನ್ನ ಹೋಗುತ್ತಿದೆ, ಇವರಿಗೆ ದಾಖಲೆ. ಆ ದಾಖಲೆಯನ್ನು ಸುಳ್ಳು ಮಾಡಿಟ್ಟವನು ನಾನು. ಯಾರ ಮೇಲೆ ಹೆಚ್ಚು ಸಿಟ್ಟು ಬಂತೋ ಹೇಳಲಾರೆ.

ಬುಧವಾರ ಬೆಳಿಗ್ಗೆ ಅನುಮತಿಯಿಲ್ಲದೆಯೇ ಸುರುಳಿ ಬಿಚ್ಚಿಸಿ, ಒಂದೂ ಗಂಟಿಲ್ಲದ ತಂತಿ ಎಳೆಸಿದೆ. ಅವಳ ಪರದೆಯ ಮೇಲೆ 31 ಕಾಣಿಸಿತು. ಅವಳ ಮುಖದಲ್ಲಿ ನಗು ಬರಲಿಲ್ಲ.

“ತಪ್ಪು ನಿಮ್ಮ ಲೈನಿಂದು ಅಂತ ಬರ್ದು ಕೊಡಿ ಸರ್. ಕಂಪ್ನಿಯವ್ರು ನನ್ನ ಸೋಮಾರಿ ಅಂದ್ಕೊಂಡಿದಾರೆ.”

ಟ್ರಂಕುಗಳ ನಡುವೆ ಕೂತು ಬರೆದೆ: ಹಿಂದಿನ ನಾಲ್ಕೂ ದೂರುಗಳನ್ನು ಗ್ರಾಹಕರ ಮನೆಗೆ ಹೋಗಿ ವೇಗ ನೋಡದೆಯೇ ಮುಗಿಸಲಾಗಿದೆ, ಮುಗಿಸಿದವನು ನಾನು. ಆ ಕಾಗದದ ಬಲದಿಂದ ಅವಳ ಕೆಲಸ ಉಳಿಯಿತು. ನನಗೆ ಮೆಮೊ ಬಂತು.

ವೇಗ ಅಳೆಯಬೇಕಾದದ್ದು ನಾವು ಕೂತಲ್ಲಿ ಅಲ್ಲ, ಅದನ್ನು ಬಳಸುವವರು ಕೂತಲ್ಲಿ. ಇಷ್ಟು ಕಲಿಯಲು ನನಗೆ ಹತ್ತೊಂಬತ್ತು ವರ್ಷದ ಸರ್ವಿಸ್ ಬೇಕಾಯಿತು. ಗುರುವಾರದಿಂದ ಸಿದ್ದಶೆಟ್ಟಿಯೂ ನಾನೂ ಹಳೆಯ ಚೀಟಿಗಳನ್ನು ಹಿಡಿದು ಮನೆಮನೆಗೆ ಹೋದೆವು. ಸೋಮವಾರ ಚಾಮರಾಜನಗರದಿಂದ ಫೋನ್ ಬಂತು. ಬಾಕಿ ದೂರು ಎಷ್ಟು?

“ಹದಿನಾಲ್ಕು” ಎಂದೆ. ಹದಿನಾಲ್ಕೂ ನಾನು ‘ಸರಿ ಇದೆ’ ಎಂದು ಸಹಿ ಹಾಕಿದವೇ.