ಬೀಗ ಬಿದ್ದ ಮಕ್ಕಳ ಪುಸ್ತಕಗಳು

ಆಗ ನ್ಯಾಮತಿಯಲ್ಲಿ ಗ್ರಂಥಾಲಯವೆಂದರೆ ಬಸ್ ನಿಲ್ದಾಣದ ಹಿಂದೆ ಬಾಡಿಗೆಗೆ ಹಿಡಿದ ಒಂದೇ ಕೋಣೆ. ೧೯೭೪ರಲ್ಲಿ ಅಲ್ಲಿಗೆ ಸಹಾಯಕಿಯಾಗಿ ಸೇರಿದವರು ಮೆಹರಾಜ್ ಬೇಗಂ. ದರ್ಜಿಯ ಮಗಳು, ಅವರ ಓಣಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣು. ಮನೆಮಾತು ಉರ್ದುವಾದರೂ ಓದಿದ್ದೆಲ್ಲ ಕನ್ನಡದಲ್ಲಿ. ಗಂಡ ಅಲ್ಲಾವುದ್ದೀನ್ ಸೈಕಲ್ ರಿಪೇರಿ ಮಾಡುತ್ತಿದ್ದ.

ಕೋಣೆಯಲ್ಲಿ ಎರಡು ಬೆಂಚು. ಬಸ್ಸಿಗೆ ಕಾಯುವ ಗಂಡಸರು ಅಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಕ್ಕಳಿಗೆಂದು ಬಂದ ಪುಸ್ತಕಗಳ ಕಟ್ಟು ಎರಡು ವರ್ಷ ಬಿಚ್ಚದೆ ಮೂಲೆಯಲ್ಲೇ ಬಿದ್ದಿತ್ತು. ಅಷ್ಟು ಜನ ಗಂಡಸರನ್ನು ದಾಟಿ ಯಾವ ಮಗುವೂ ಒಳಗೆ ಬರುತ್ತಿರಲಿಲ್ಲ. ಒಂದು ದಿನ ಮೆಹರಾಜ್ ಬೇಗಂ ಮನೆಯಿಂದ ಚಾಪೆ ತಂದು ಕಿಟಕಿಯ ಕೆಳಗೆ ಹಾಸಿ, ಕಟ್ಟು ಬಿಚ್ಚಿ ಪುಸ್ತಕಗಳನ್ನು ಅದರ ಮೇಲೆ ಹರವಿದರು. ಶಾಲೆಗೆ ಹೋಗಿ ಮೇಷ್ಟ್ರಿಗೆ ಹೇಳಿ ಬಂದರು. ತಿಂಗಳು ಕಳೆಯುವುದರೊಳಗೆ ಚಾಪೆ ಸಾಲದಾಯಿತು.

ಹಾಗೆ ಬಂದವರಲ್ಲಿ ಗಾದ್ರಮ್ಮ ಒಬ್ಬಳು. ಒಂಬತ್ತು ವರ್ಷದ ಹುಡುಗಿ. ಅವಳ ತಾಯಿ ಶಂಕ್ರಮ್ಮ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದಳು, ಸುಗ್ಗಿಯಲ್ಲಿ ಮಗಳೂ ಜೊತೆಗೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ಮೊದಮೊದಲು ಚಿತ್ರ ನೋಡುವುದಕ್ಕಷ್ಟೇ ಬಂದಳು. ಅಡಿಕೆಯ ಕಲೆ ಹಿಡಿದ ಅವಳ ಬೆರಳನ್ನು ಅಕ್ಷರದ ಮೇಲಿಟ್ಟು ಮೆಹರಾಜ್ ಬೇಗಂ ಕಲಿಸಿದರು. ಒಂದೂವರೆ ವರ್ಷದಲ್ಲಿ ಅವಳು ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವಂತಾದಳು. ಒಮ್ಮೆ ಮಗಳನ್ನು ಬೈದು ಕರೆದೊಯ್ಯಲು ಬಂದ ಶಂಕ್ರಮ್ಮ ಅವಳ ದನಿ ಕೇಳಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಕಥೆ ಮುಗಿದ ಮೇಲೆ ಒಬ್ಬಳೇ ಎದ್ದು ಹೋದಳು.

ಅಷ್ಟು ಕೈಗಳು ಮುಟ್ಟಿದರೆ ಪುಸ್ತಕ ಹರಿಯದೆ ಇರುತ್ತದೆಯೇ? ಮೆಹರಾಜ್ ಬೇಗಂ ಮೈದಾ ಅಂಟು ಕಾಯಿಸಿ ಹಾಳೆ ಅಂಟಿಸುತ್ತಿದ್ದರು, ಅಪ್ಪನ ಅಂಗಡಿಯ ದಾರದಲ್ಲಿ ಹೊಲಿಯುತ್ತಿದ್ದರು. ೧೯೮೧ರಲ್ಲಿ ತನಿಖೆಗೆ ಬಂದ ಮೇಲಧಿಕಾರಿ ಆ ಪುಸ್ತಕಗಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇವೇನ್ರೀ, ಪುಸ್ತಕನೋ ಚಿಂದಿನೋ?"

"ಓದಿ ಓದಿ ಹರಿದಾವೆ ಸರ್."

"ಸರ್ಕಾರದ ಸ್ವತ್ತನ್ನ ಹರಿಯಾಕೆ ಕೊಟ್ಟಿಲ್ಲ."

ಮುಂದಿನ ತಿಂಗಳು ಗಾಜಿನ ಬಾಗಿಲಿನ ಮರದ ಬೀರು ಬಂತು. ಮಕ್ಕಳ ಪುಸ್ತಕಗಳೆಲ್ಲ ಅದರೊಳಗೆ ಸೇರಿದವು, ಬೀಗ ಬಿತ್ತು, ಬೀಗದ ಕೈ ಮೇಲಿನ ಕಚೇರಿಗೆ ಹೋಯಿತು. ಚಾಪೆ ಸುತ್ತಿಡಬೇಕೆಂದು ಅಪ್ಪಣೆಯಾಯಿತು.

ಮಕ್ಕಳು ನಾಲ್ಕು ದಿನ ಬಂದು ಗಾಜಿಗೆ ಮೂಗು ಒತ್ತಿ ನೋಡಿದರು, ಆಮೇಲೆ ಬರಲಿಲ್ಲ. ಗಾದ್ರಮ್ಮ ಮಾತ್ರ ಬರುತ್ತಿದ್ದಳು. ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನೇ ಸಾಲಾಗಿ ಓದುತ್ತಿದ್ದಳು. ಅದು ಮುಗಿದರೆ ಮತ್ತೆ ಮೊದಲಿನಿಂದ. ಮೆಹರಾಜ್ ಬೇಗಂ ಐದು ಅರ್ಜಿ ಬರೆದರು. ಪರಿಶೀಲಿಸಲಾಗುವುದು ಎಂದು ಒಂದಕ್ಕೆ ಉತ್ತರ ಬಂತು. ಅಷ್ಟರಲ್ಲಿ ಹದಿನಾಲ್ಕರ ಗಾದ್ರಮ್ಮನನ್ನು ನಲ್ಲೂರಿಗೆ ಮದುವೆ ಮಾಡಿ ಕಳಿಸಿದ್ದರು.

೧೯೮೬ರಲ್ಲಿ ಹೊಸ ಅಧಿಕಾರಿ ಬೀಗದ ಕೈ ತಂದು ಬೀರು ತೆಗೆಸಿದರು. ಸಾಲು ನೆಟ್ಟಗೇ ಇತ್ತು. ಒಂದನ್ನು ಎಳೆದರೆ ರಟ್ಟಷ್ಟೇ ಕೈಗೆ ಬಂತು. ಒಳಗೆ ಹಾಳೆಯಿರಲಿಲ್ಲ, ಮಣ್ಣಿತ್ತು. ಗೋಡೆಯಿಂದ ಗೆದ್ದಲು ಹತ್ತಿ ಒಂದನ್ನೂ ಉಳಿಸದೆ ತಿಂದಿತ್ತು. ಗೆದ್ದಲಿನ ಮಾತೆತ್ತದೆ, ಸೂಕ್ತ ರಕ್ಷಣೆಯಲ್ಲಿದ್ದರೂ ತೇವದಿಂದ ಪುಸ್ತಕಗಳು ಹಾಳಾಗಿವೆ ಎಂದು ಅಧಿಕಾರಿ ಬರೆದು, ಸಾಕ್ಷಿಗೆ ಮೆಹರಾಜ್ ಬೇಗಂ ಸಹಿ ಹಾಕಬೇಕೆಂದರು. ಅವರು ಬಹಳ ಹೊತ್ತು ಪೆನ್ನು ಹಿಡಿದು ನಿಂತರು. ಅಲ್ಲಾವುದ್ದೀನ್ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದು ವರ್ಷವಾಗಿತ್ತು. ಮನೆ ನಡೆಯುತ್ತಿದ್ದುದು ಇವರ ಸಂಬಳದಲ್ಲಿ. ಸಹಿ ಹಾಕಿದರು. ಉಳಿದ ರಟ್ಟುಗಳನ್ನು ಹಿತ್ತಲಿಗೆ ಹೊತ್ತು ಸುಟ್ಟವರೂ ಅವರೇ.

ಮರುವರ್ಷ ಚನ್ನಗಿರಿಗೆ ಹೋಗಿದ್ದಾಗ ಒಂದು ಕಥೆ ಪುಸ್ತಕ ಕೊಂಡು ನಲ್ಲೂರಿಗೆ ಹೋದರು. ಗಾದ್ರಮ್ಮ ಒಂದು ಅಂಗಳದಲ್ಲಿ ಹೆಂಗಸರ ನಡುವೆ ಅಡಿಕೆ ಆರಿಸುತ್ತಿದ್ದಳು. ಮಡಿಲಲ್ಲಿ ಕೂಸಿತ್ತು. ಗುರುತು ಹಿಡಿದು ಎದ್ದಳು, ಸೆರಗಿಗೆ ಕೈ ಒರೆಸಿ ಪುಸ್ತಕ ತೆಗೆದುಕೊಂಡಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಎರಡು ಅಕ್ಷರ ಹೊರಟವು. ಮೂರನೆಯದರಲ್ಲಿ ನಿಂತಳು.

"ಮರ್ತು ಹೋಗ್ಯಾವೆ ಮೇಡಂ," ಎಂದಳು, ಊರಿನಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವಂತೆ.

ಮತ್ತೆ ಕಲಿಯಬಹುದು ಎಂದು ಮೆಹರಾಜ್ ಬೇಗಂ ಹೇಳಿದರು. ಗಾದ್ರಮ್ಮ ಪುಸ್ತಕ ಮುಚ್ಚಿದಳು. ಆಮೇಲೆ ಕೇಳಿದಳು:

"ಆ ಗಾಜು ಒಡೀಬೋದಿತ್ತಲ್ಲ ಮೇಡಂ. ನೀವ್ಯಾಕೆ ಒಡೀಲಿಲ್ಲ?"

ದೂರುವ ದನಿಯಲ್ಲ, ತಿಳಿಯದೆ ಕೇಳಿದ್ದು. ಒಡೆದಿದ್ದರೆ ನೌಕರಿ ಹೋಗುತ್ತಿತ್ತು ಎಂದು ಮೆಹರಾಜ್ ಬೇಗಂ ಹೇಳಬಹುದಿತ್ತು, ಹೇಳಲಿಲ್ಲ. ಸಹಿ ಹಾಕಿದ್ದನ್ನಂತೂ ಹೇಳಲಾಗಲಿಲ್ಲ. ಕೂಸಿನ ತಲೆ ಸವರಿ ಬಸ್ಸಿಗೆ ಹೊರಟರು.

ಬೀರು ಇದ್ದ ಜಾಗಕ್ಕೆ ಪೇಪರ್ ಓದುವವರಿಗೆಂದು ಮೂರನೇ ಬೆಂಚು ಬಂತು. ಆ ಬೇಸಿಗೆ ರಜೆಯಲ್ಲಿ ಇಬ್ಬರು ಹುಡುಗಿಯರು ಬಂದು, ಮಕ್ಕಳ ಪುಸ್ತಕ ಐತಾ ಎಂದು ಕೇಳಿದರು. ಮೆಹರಾಜ್ ಬೇಗಂ ಅವರ ಮುಖ ನೋಡದೆ ಇಲ್ಲವೆಂದು ಹೇಳಿ, ಹಿಂದಿನ ದಿನದ ಪೇಪರುಗಳನ್ನು ಮಡಚತೊಡಗಿದರು.