ಆಂಜಿನಯ್ಯನವರ ಎರಡು ಗೀಟು

ನನ್ನ ಗಂಡನ ಹದಿಮೂರನೇ ದಿನದ ಕರ್ಮ ಮುಗಿದು ನೆಂಟರೆಲ್ಲ ಹೊರಟಿದ್ದಾರೆ. ಮರುಬೆಳಗ್ಗೆ, ಹಾಲು ಇನ್ನು ಅರ್ಧ ಲೀಟರ್ ಸಾಕೆಂದು ಹೇಳಿ, ಬಸವನಗುಡಿಯಿಂದ ಚಾಮರಾಜಪೇಟೆಯ ವರ್ಕ್‌ಶಾಪಿಗೆ ನಡೆದು ಬಂದಿದ್ದೇನೆ. ಲೇತ್ ಕೆಲಸದ ಆಂಜಿನಯ್ಯ ಆಗಲೇ ಕೊಳವೆ ತುಂಡಿನಂಥ ಹಿತ್ತಾಳೆ ಬುಷ್‌ಗಳನ್ನು ಅಳೆಯುತ್ತಿದ್ದಾರೆ. ತಗಡಿನ ಸೂರು ಕಾದರೆ ಲೋಹ ಹಿಗ್ಗುತ್ತದೆ. ಅಳತೆಯೆಲ್ಲ ಬಿಸಿಲೇರುವ ಮೊದಲೇ ಮುಗಿಯಬೇಕು.

ಅವರಿಗೆ ಅರವತ್ತೆಂಟು. ಲೇತ್ ಮುಂದೆ ನಿಂತು ನಲವತ್ತಾರು ವರ್ಷ. ದಿನಕ್ಕೆ ಎಂಬತ್ತು ಬುಷ್. ಎಡಗಿವಿ ಕೇಳಿಸುವುದಿಲ್ಲ, ಎಡಗೈ ಕಿರುಬೆರಳು ಅರ್ಧವೇ ಇದೆ.

ನನ್ನ ಗಂಡ ಸಂಕರ್ಷಣ ಕಾಲೇಜಿನ ನೆಲಮಾಳಿಗೆಯಲ್ಲಿ ಗುರುತ್ವ ಸ್ಥಿರಾಂಕವನ್ನು ಅಳೆಯುತ್ತಿದ್ದರು. ವಸ್ತುಗಳು ಒಂದನ್ನೊಂದು ಎಷ್ಟು ಬಲದಿಂದ ಸೆಳೆಯುತ್ತವೆಂದು ಹೇಳುವ ಸಂಖ್ಯೆ ಅದು. ಅದಕ್ಕೆ ಬೇಕಾದ ಲೋಹದ ಗುಂಡುಗಳನ್ನು ಕಡೆದವರು, ಅವುಗಳ ನಡುವಿನ ದೂರವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯಲು ಮೈಕ್ರೋಮೀಟರ್ ಎರವಲು ಕೊಟ್ಟವರು ಆಂಜಿನಯ್ಯ.

"ಹನ್ನೊಂದು ಗುಂಡು ವಾಪಸ್ ಕಳಿಸಿದ್ರಮ್ಮ ಸಾರು! ಒಳಗೆ ಗಾಳಿಗುಳ್ಳೆ ಇದ್ರೆ ಭಾರ ಒಂದ್ಕಡೆ ವಾಲುತ್ತಂತೆ. ಬೈಕೊಂಡೇ ಮಾಡ್ಕೊಟ್ಟೆ."

ಮೂರು ವರ್ಷ ಉತ್ತರ ಒಂದೇ ಬಂತು, ಎಲ್ಲರೂ ಒಪ್ಪಿದ ಸಂಖ್ಯೆಗಿಂತ ಹತ್ತು ಸಾವಿರಕ್ಕೆ ಐದು ಪಾಲು ಹೆಚ್ಚು. ಸಂಕರ್ಷಣ ರಸ್ತೆಯ ಬಸ್ಸುಗಳನ್ನು, ಮಳೆಗೆ ನೆನೆದ ನೆಲವನ್ನು, ಗುಂಡು ತೂಗುಹಾಕಿದ ತಂತಿಯನ್ನು, ಹತ್ತಿರ ಕೂತ ತಮ್ಮ ಮೈಯನ್ನೂ ಅನುಮಾನಿಸಿದರು. ಈ ತಿಂಗಳು ನೆಲಮಾಳಿಗೆ ಖಾಲಿಯಾಗಬೇಕು. ತಪ್ಪಿನ ಮೂಲ ಸಿಗದಿದ್ದರೆ ಅವರ ಕೆಲಸ ಪ್ರಕಟವಾಗುವುದಿಲ್ಲ.

ಆಂಜಿನಯ್ಯನವರ ಹೆಂಡತಿ ರುದ್ರಾಣಿ ಕಾಫಿ ತರುತ್ತಾರೆ. "ಆಗಲೇ ಏಳಾಯ್ತಾ?" ಎಂದು ಗೋಡೆ ನೋಡುತ್ತೇನೆ.

"ಆ ಗಡಿಯಾರ ಹತ್ತು ನಿಮಿಷ ಮುಂದೆ ಕಣಮ್ಮ. ಸರಿ ಮಾಡಿ ಅಂದ್ರೆ ಈ ಮಹಾನುಭಾವ ಮನಸ್ಸಲ್ಲೇ ಕಳೀತಾರಂತೆ! ಬಂದೋರಿಗೇನು ಕನಸು ಬೀಳುತ್ತಾ?"

ಆಂಜಿನಯ್ಯ ನಗುವುದಿಲ್ಲ. ಲೋಟ ಕೆಳಗಿಡುತ್ತಾರೆ.

"ಅಮ್ಮಾ, ಸಾರು ಗುಂಡುಗಳ ದೂರ ಅಳೆದಿದ್ದು ನನ್ನ ದೊಡ್ಡ ಮೈಕ್ರೋಮೀಟರಲ್ಲಿ ತಾನೇ?"

"ಹೌದು."

"ಅದು ಎರಡು ಗೀಟು ಜಾಸ್ತಿ ತೋರಿಸುತ್ತೆ. ಚಿಕ್ಕದಾದ್ರೆ ಅದರ ಬಾಯಿ ಮುಚ್ಚಿ ಸೊನ್ನೆ ಬರುತ್ತಾ ನೋಡ್ಕೋಬಹುದು. ದೊಡ್ಡದನ್ನ ನೋಡೋಕೆ ಉದ್ದ ಗೊತ್ತಿರೋ ರಾಡ್ ಬೇಕು, ಅದು ಕಳೆದುಹೋಗಿದೆ. ನಾನು ಆ ಎರಡು ಗೀಟು ಮನಸ್ಸಲ್ಲೇ ಕಳೆದು ಓದ್ತಿದ್ದೆ. ಅವ್ರಿಗೆ ಹೇಳ್ಲೇ ಇಲ್ಲ. ಮೂರು ವರ್ಷ ಹಾಳು ಮಾಡ್ಬಿಟ್ನಲ್ಲಮ್ಮ."

ಎರಡು ಗೀಟೆಂದರೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು. ಸಂಕರ್ಷಣ ಇಟ್ಟಿದ್ದ ದೂರ ಎಂಬತ್ತು ಮಿಲಿಮೀಟರ್. ಲೆಕ್ಕದಲ್ಲಿ ದೂರದ ವರ್ಗ ಬರುವುದರಿಂದ ತಪ್ಪು ಇಮ್ಮಡಿಯಾಗುತ್ತದೆ. ಕಾಗದದ ಮೇಲೆ ಮಾಡಿ ನೋಡುತ್ತೇನೆ. ಹತ್ತು ಸಾವಿರಕ್ಕೆ ಐದು.

"ಹಾಳಾಗಿಲ್ಲ. ಎಲ್ಲ ಅಳತೆಯೂ ಅಷ್ಟೇ ತಪ್ಪಿದೆ. ಈಗ ಕಳೆಯಬಹುದು."

ಹಿಂತಿರುಗಿಸಲೆಂದೇ ತಂದ ಆ ಮೈಕ್ರೋಮೀಟರನ್ನು ಚೀಲದಿಂದ ತೆಗೆಯುತ್ತೇನೆ. ಅವರು ಪಕ್ಕದ ವರ್ಕ್‌ಶಾಪಿನಿಂದ ರಾಡ್ ಇಸಿದುಕೊಂಡು ಬಂದು ಅಳೆಯುತ್ತಾರೆ. ಎರಡು ಗೀಟು. ಇನ್ನೊಮ್ಮೆ ಅಳೆಯುತ್ತಾರೆ. ಎರಡೇ.

"ಆ ಸಂಖ್ಯೆ ಪ್ರಿಂಟ್ ಆಗೋ ಪೇಪರಲ್ಲಿ ನನ್ನ ಹೊಗಳ್ಬೇಡಿ. ಇದನ್ನ ಬರೀರಿ, ಸಾರು ತಪ್ಪು ಮಾಡಿರ್ಲಿಲ್ಲ ಅಂತ."

ಮೈಕ್ರೋಮೀಟರಿನ ಪೆಟ್ಟಿಗೆಯ ಮುಚ್ಚಳದ ಮೇಲೆ "ಎರಡು ಗೀಟು ಕಳೆಯಿರಿ" ಎಂದು ಬರೆದು, ಎರಡೂ ಕೈಯಿಂದ ಅವರಿಗೆ ಕೊಡುತ್ತೇನೆ.